ಅದೇ ಹಿಟ್ಟು, ಕಡಿಮೆ ಸೌದೆ

ಆರನೇ ಸುತ್ತು ಮುಗಿಸಿ, ಲಾಂಗ್ ಜಂಪ್ ಮರಳಿನ ಪಕ್ಕ ಕೂತು ವಾಂತಿ ಮಾಡಿಕೊಂಡೆ. ಬೆಳಗ್ಗೆ ಇನ್ನೂ ಆರು ಗಂಟೆ ಆಗಿರಲಿಲ್ಲ. ಹೊಟ್ಟೆಯಲ್ಲಿ ಇದ್ದದ್ದು ಒಂದು ಏಲಕ್ಕಿ ಬಾಳೆಹಣ್ಣು, ಅದೂ ಹೋಯಿತು. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಶೂ ಹಾಕಿಕೊಂಡು ವಾಕಿಂಗ್ ಮಾಡುತ್ತಿದ್ದ ಮೂವರು ಹೆಂಗಸರು ನಿಂತರು. ಒಬ್ಬರು ನೀರಿನ ಬಾಟಲಿ ಕೊಟ್ಟರು. ಇನ್ನೊಬ್ಬರು ಬೆನ್ನು ಸವರುತ್ತಾ, "ಎಷ್ಟು ತಿಂಗಳಮ್ಮ?" ಅಂತ ಕೇಳಿದರು.

ನನಗೆ ಆಗ 39 ವರ್ಷ. ತುಮಕೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಓಡಲು ಶುರು ಮಾಡಿ ನಾಲ್ಕು ವರ್ಷವಾಗಿತ್ತು. ಮೊದಲು ಅಮಾನಿಕೆರೆ ಹತ್ತಿರ ಸುಮ್ನೆ ನಡಿಗೆ. ಆಮೇಲೆ ಸ್ವಲ್ಪ ಓಟ. ಆಮೇಲೆ ಬೆಂಗಳೂರಿಗೆ ಹೋಗಿ 10ಕೆ ಓಡಿ, ಮೆಡಲ್ ಹಾಕಿಕೊಂಡು ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ವಾಪಸ್ ಬರುವ ಚಟ. 10 ಕಿಲೋಮೀಟರಿಗೆ 58 ನಿಮಿಷ. ಎರಡು ವರ್ಷದಿಂದ ಅದೇ 58. ವಾರಕ್ಕೆ ಇನ್ನೂ ಐದು ಕಿಲೋಮೀಟರ್ ಸೇರಿಸಿದೆ, 58. ತೂಕ ಎರಡು ಕೆ.ಜಿ. ಇಳಿಸಿದೆ, 58. ಮೊಬೈಲಿನ ಒಂದು ಆ್ಯಪ್ ಹೇಳಿತು, ಇಂಟರ್ವಲ್ ಮಾಡಿ ಅಂತ. 400 ಮೀಟರ್ ಎಂಟು ಸಲ, ಆದಷ್ಟು ಜೋರಾಗಿ, ನಡುವೆ ಒಂದು ನಿಮಿಷ ನಿಲ್ಲಿ. ಅದನ್ನೇ ಮಾಡುತ್ತಿದ್ದೆ.

ಸ್ಟೇಡಿಯಮ್ಮಿನ ಮೆಟ್ಟಿಲ ಮೇಲೆ ಕೂತಿದ್ದ ಹಿರಿಯರೊಬ್ಬರು ಎದ್ದು ಬಂದರು. ನಿವೃತ್ತ ಪಿ.ಟಿ. ಮೇಷ್ಟ್ರು ಅಂತ ಆಮೇಲೆ ಗೊತ್ತಾಯಿತು. ಇಲ್ಲಿ ಅವರನ್ನು ಸಾರ್ ಅಂತಲೇ ಕರೆಯುತ್ತೇನೆ. ಹೆಸರು ಹಾಕಿದರೆ ಅವರಿಗೆ ಹಿಡಿಸುವುದಿಲ್ಲ.

"ಏನಮ್ಮಾ, ಯಾರು ಅಟ್ಟಿಸ್ಕೊಂಡು ಬರ್ತಿದ್ರು?"

ನಾನು ವಾಚು ತೋರಿಸಿದೆ. ಮೊದಲ ಸುತ್ತು 1 ನಿಮಿಷ 44 ಸೆಕೆಂಡ್. ಆಮೇಲೆ 1:49, 1:56, 2:03, 2:09. ಆರನೆಯದು 2:14. ಅವರು ಕನ್ನಡಕ ಮೇಲೆತ್ತಿ ಓದಿದರು.

"ಮೊದಲನೇದಕ್ಕೂ ಕೊನೇದಕ್ಕೂ ಅರ್ಧ ನಿಮಿಷ ವ್ಯತ್ಯಾಸ. ಇದರಲ್ಲಿ ನೀನು ಏನು ಅಭ್ಯಾಸ ಮಾಡ್ದೆ ಹೇಳು? ಸುಸ್ತಾದಾಗ ಕೆಟ್ಟದಾಗಿ ಓಡೋದು ಹೇಗೆ ಅಂತ ಅಭ್ಯಾಸ ಮಾಡ್ದೆ."

ನನಗೆ ಸಿಟ್ಟು ಬಂತು. ಪಾಠ ಮಾಡುವವರಿಗೆ ಬೇರೆಯವರು ಪಾಠ ಮಾಡಿದರೆ ಬರುವಂಥ ಸಿಟ್ಟು. ಅವರು ಬಿಡಲಿಲ್ಲ.

"ಇಂಟರ್ವಲ್ ಅಂದ್ರೆ ಏನು?"

"ಜೋರಾಗಿ ಓಡೋದು, ಸಾರ್."

"ಸಿನಿಮಾಗೆ ಹೋಗಿಲ್ವಾ? ಇಂಟರ್ವಲ್ಲಲ್ಲಿ ಏನ್ ಮಾಡ್ತೀಯಾ?"

"ಹೊರಗೆ ಹೋಗಿ ಪಾಪ್‌ಕಾರ್ನ್ ತಗೊತೀನಿ."

"ಹ್ಞಾಂ. ಇಂಟರ್ವಲ್ ಅಂದ್ರೆ ಬಿಡುವು. ಅದನ್ನೇ ಬಿಟ್ಟು ಉಳಿದಿದ್ದೆಲ್ಲ ಮಾಡ್ತಿದ್ದೀಯ."

ಮನೆಗೆ ಬಂದು ಓದಿ ನೋಡಿದರೆ ಅದು ತಮಾಷೆಯ ಮಾತಲ್ಲ. ಆ ಹೆಸರು ಹುಟ್ಟಿದ್ದೇ ಬಿಡುವಿನಿಂದ. 1930ರ ದಶಕದಲ್ಲಿ ಜರ್ಮನಿಯಲ್ಲಿ ವೊಲ್ಡೆಮಾರ್ ಗೆರ್ಶ್ಲರ್ ಎಂಬ ಕೋಚ್, ಹರ್ಬರ್ಟ್ ರೈಂಡೆಲ್ ಎಂಬ ಹೃದಯದ ಡಾಕ್ಟರು ಜೊತೆಯಾಗಿ ಕೆಲಸ ಮಾಡಿದರು. ಓಟಗಾರನ ಎದೆಬಡಿತ ನಿಮಿಷಕ್ಕೆ 180ರ ತನಕ ಏರಬೇಕು. ಆಮೇಲೆ ಓಟ ನಿಲ್ಲಿಸಿದರೆ 90 ಸೆಕೆಂಡಿನ ಒಳಗೆ 120ಕ್ಕೆ ಇಳಿಯಬೇಕು. ಇಳಿಯಲಿಲ್ಲ ಅಂದರೆ ಓಡಿದ್ದು ಜಾಸ್ತಿಯಾಯಿತು ಅಂತ ಅರ್ಥ. ಹೃದಯ ಬಲವಾಗುವುದು ಓಡುವಾಗ ಅಲ್ಲ, ಆ ಬಿಡುವಿನಲ್ಲಿ ಅಂತ ಅವರ ನಂಬಿಕೆ. ಅವರು ಕೊಟ್ಟ ಕಾರಣವನ್ನು ಇವತ್ತಿನ ವಿಜ್ಞಾನ ಪೂರ್ತಿ ಒಪ್ಪುವುದಿಲ್ಲ, ಆದರೆ ಆ ಲೆಕ್ಕ ಕೆಲಸಕ್ಕೆ ಬರುತ್ತದೆ. ಗೆರ್ಶ್ಲರ್ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ ಮಿಲಾನ್‌ನಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿದ. ಆ ದಾಖಲೆ 16 ವರ್ಷ ನಿಂತಿತು.

ಇಷ್ಟೆಲ್ಲ ಓದಿಯೂ ಬುದ್ಧಿ ಬರಲಿಲ್ಲ. ದುಡ್ಡು ಕೊಟ್ಟು ತಗೊಂಡ ಆ್ಯಪ್, ಇನ್ನೂ ಮೂರು ವಾರ ಬಾಕಿ ಇತ್ತು. ಓಡಿದೆ. ಮೂರನೇ ವಾರ ಎಡಗಾಲಿನ ಮುಂಭಾಗದ ಎಲುಬು, ಮೊಣಕಾಲಿಗೂ ಪಾದಕ್ಕೂ ನಡುವೆ, ಮುಟ್ಟಿದರೆ ಜೀವ ಹೋಗುವ ಹಾಗಾಯಿತು. ಫಿಸಿಯೋ ಒಂದು ತಿಂಗಳು ಓಡಬೇಡಿ ಅಂದರು. ಅಷ್ಟರಲ್ಲಿ ದಸರಾ ರಜೆ. ಕುಂಟಿಕೊಂಡು ಕುಣಿಗಲ್ ಕಡೆ ಅಮ್ಮನ ಮನೆಗೆ ಹೋದೆ.

"ಕಾಲಿಗೆ ಏನ್ ಮಾಡ್ಕೊಂಡೆ?"

"ಓಡಿ ಓಡಿ ಹಿಂಗಾಯ್ತಮ್ಮ."

"ಯಾಕೆ, ಬಸ್ ಸಿಗ್ಲಿಲ್ವಾ?"

ಅಮ್ಮನ ಮನೆಯಲ್ಲಿ ಗ್ಯಾಸ್ ಇದೆ. ಆದರೂ ಹಿತ್ತಿಲ ಕಡೆ ಅಡುಗೆಮನೆಯಲ್ಲಿ ಹಳೆಯ ಅಸ್ತ್ರ ಒಲೆ ಹಾಗೇ ಉಳಿದಿದೆ. ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತಲೇ ಅಸ್ತ್ರ ಎಂಬ ಕೇಂದ್ರ ಶುರುವಾಯಿತು. ಅದರ ಹಳ್ಳಿ ಕೇಂದ್ರ ಇದ್ದದ್ದು ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಅವರು ಮಾಡಿದ ಒಲೆ ಇದು. ಒಂದೇ ಉರಿಗೆ ಮೂರು ಪಾತ್ರೆ, ಹೊಗೆ ಹೋಗಲು ಕೊಳವೆ. ಸೌದೆಯ ಕೆಳಗೆ ಜಾಲರಿ, ಗಾಳಿ ಎಷ್ಟು ಬೇಕೋ ಅಷ್ಟೇ. ಮೂರು ಕಲ್ಲಿನ ಒಲೆಯಲ್ಲಿ ಉರಿಯ ಬಹುಪಾಲು ಪಾತ್ರೆಯ ಪಕ್ಕದಿಂದ ಹೊರಗೆ ಹೋಗುತ್ತದೆ. ಇದರಲ್ಲಿ ಉರಿ ಪಾತ್ರೆಯ ತಳಕ್ಕೆ ಅಂಟಿಕೊಂಡು ಹೋಗುತ್ತದೆ. ಅದೇ ಅಡುಗೆ, ಸೌದೆ ಮಾತ್ರ ತುಂಬಾ ಕಡಿಮೆ.

ಸಂಜೆ ಅಮ್ಮ ಹಿಟ್ಟು ತೊಳಸಲು ಕೂತರು. (ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೇಳುವುದು.) ನಾನು ಸಹಾಯ ಮಾಡುವ ಉತ್ಸಾಹದಲ್ಲಿ ಒಲೆಗೆ ನಾಲ್ಕು ಸೌದೆ ಒಟ್ಟಿಗೆ ತುರುಕಿದೆ. ಉರಿ ಬಾಯಿಂದ ಆಚೆ ಬಂತು.

"ಒಂದೇ ಸಲ ತುರುಕ್ಬೇಡ. ಉರಿ ಹೊರಗೆ ಬರ್ತಿದೆ ನೋಡು. ಹೊರಗೆ ಬಂದ ಉರಿಗೆ ಹಿಟ್ಟು ಬೇಯುತ್ತಾ?"

ಅವರು ಎರಡು ಸೌದೆ ಹಿಂದಕ್ಕೆ ಎಳೆದರು. ಉರಿ ಒಳಗೆ ಹೋಯಿತು. ಆಮೇಲೆ ಕೋಲು ಹಿಡಿದು ತೊಳಸಿದರು. 68 ವರ್ಷದ ಹೆಂಗಸು. ನಾಲ್ಕು ಜನರ ಹಿಟ್ಟು, ಗಟ್ಟಿಯಾಗುತ್ತಾ ಬರುವಾಗ ನನ್ನ ಕೈಲಿ ಎರಡು ನಿಮಿಷ ಆಗದು. ಅವರ ಭುಜ ಮೇಲೆ ಏರುವುದಿಲ್ಲ, ಹಲ್ಲು ಕಚ್ಚುವುದಿಲ್ಲ. ಸೊಂಟದಿಂದ ಬಂದ ಬಲ ಕೋಲಿಗೆ ಹೋಗುತ್ತದೆ, ನಡುವೆ ಎಲ್ಲೂ ಸೋರುವುದಿಲ್ಲ. ನಾನು ಕಾಲು ಚಾಚಿಕೊಂಡು ಅದನ್ನೇ ನೋಡುತ್ತಾ ಕೂತೆ.

ಆ ರಾತ್ರಿ ಒಂದು ಲೆಕ್ಕ ಹಾಕಿದೆ. ವಿಜ್ಞಾನದವರ ಕೆಟ್ಟ ಚಾಳಿ. ಒಂದು ಕಿಲೋಮೀಟರ್ ಓಡಲು ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 200 ಮಿಲಿಲೀಟರ್ ಆಮ್ಲಜನಕ ಬೇಕು. ನಿಧಾನವಾಗಿ ಓಡಿದರೂ ಜೋರಾಗಿ ಓಡಿದರೂ ಕಿಲೋಮೀಟರಿನ ಲೆಕ್ಕದಲ್ಲಿ ಹೆಚ್ಚು ಕಡಿಮೆ ಅಷ್ಟೇ. ನನ್ನ ತೂಕ 55. ಹತ್ತು ಕಿಲೋಮೀಟರಿಗೆ 110 ಲೀಟರ್ ಆಮ್ಲಜನಕ. ಒಂದು ಲೀಟರಿನಿಂದ ಸುಮಾರು 5 ಕಿಲೋಕ್ಯಾಲೊರಿ, ಅಂದರೆ ಒಟ್ಟು 550. ಅದೇ ತೂಕದ ಇನ್ನೊಬ್ಬಳು 180 ಮಿಲಿಲೀಟರಿನಲ್ಲಿ ಓಡಿದರೆ 99 ಲೀಟರ್ ಸಾಕು. ನನಗಿಂತ ದೊಡ್ಡ ಶ್ವಾಸಕೋಶ, ದೊಡ್ಡ ಹೃದಯ ಅವಳಿಗೆ ಬೇಕಾಗಿಲ್ಲ. ಅವಳ ಒಲೆ ಚೆನ್ನಾಗಿದೆ, ಅಷ್ಟೇ. ಇದನ್ನೇ ರನ್ನಿಂಗ್ ಎಕಾನಮಿ ಅನ್ನುತ್ತಾರೆ. 'ಓಟದ ಮಿತವ್ಯಯ' ಅಂದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತದೆ. ಬೈಕ್ ಕೊಳ್ಳುವಾಗ ನಾವೆಲ್ಲ ಮೊದಲು ಕೇಳುವ ಮೈಲೇಜ್ ಅನ್ನುವ ಪದವೇ ಇದಕ್ಕೆ ಸರಿ.

ದೂರದ ಓಟಕ್ಕೆ ಮೂರು ವಿಷಯ ಮುಖ್ಯ ಅಂತ ಹೇಳುತ್ತಾರೆ. ಉರಿ ಹೆಚ್ಚೆಂದರೆ ಎಷ್ಟು ದೊಡ್ಡದು ಮಾಡಬಹುದು, ಅದು ವಿಒ2 ಮ್ಯಾಕ್ಸ್, ಅಂದರೆ ದೇಹ ಪ್ರತಿ ಕೆ.ಜಿ. ತೂಕಕ್ಕೆ ಒಂದು ನಿಮಿಷದಲ್ಲಿ ಹೆಚ್ಚೆಂದರೆ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಬಲ್ಲದು ಅನ್ನುವ ಅಳತೆ. ಅದರಲ್ಲಿ ಎಷ್ಟು ಪಾಲನ್ನು ಹೊಗೆ ಏಳದೆ ತುಂಬಾ ಹೊತ್ತು ಉರಿಸಬಹುದು, ಅದು ಲ್ಯಾಕ್ಟೇಟ್ ಥ್ರೆಶ್‌ಹೋಲ್ಡ್. (ಇಲ್ಲಿ ನನ್ನ ಒಲೆಯ ಹೋಲಿಕೆ ಕೈಕೊಡುತ್ತದೆ. ಮಾಂಸಖಂಡ ಜೋರಾಗಿ ದುಡಿಯುವಾಗ ಹುಟ್ಟುವ ಲ್ಯಾಕ್ಟೇಟ್ ಹೊಗೆಯಲ್ಲ, ಕಸವೂ ಅಲ್ಲ. ದೇಹ ಅದನ್ನೂ ಸೌದೆಯಾಗಿ ಬಳಸುತ್ತದೆ. ಮಕ್ಕಳಿಗೆ ತಪ್ಪು ಪಾಠ ಮಾಡಿದೆ ಅನ್ನಿಸಬಾರದು, ಅದಕ್ಕೆ ಹೇಳಿದೆ.) ಮೂರನೆಯದು ಈ ಮೈಲೇಜ್. ಎರಡು ವರ್ಷ ನಾನು ಉರಿ ದೊಡ್ಡದು ಮಾಡಲು ನೋಡಿದೆನೇ ಹೊರತು ಒಲೆಯನ್ನು ನೋಡಿರಲಿಲ್ಲ.

ಇದಕ್ಕೆ ನನಗೆ ತುಂಬಾ ಹಿಡಿಸಿದ ಉದಾಹರಣೆ ಇಂಗ್ಲೆಂಡಿನ ಪೌಲಾ ರ್‍ಯಾಡ್‌ಕ್ಲಿಫ್. ಅವರನ್ನು ಆಂಡ್ರ್ಯೂ ಜೋನ್ಸ್ ಎಂಬ ವಿಜ್ಞಾನಿ ವರ್ಷ ವರ್ಷ ಲ್ಯಾಬಿನಲ್ಲಿ ಓಡಿಸಿ ಅಳೆದರು. 1992ರಲ್ಲಿ ಆಕೆ ಇನ್ನೂ ಜೂನಿಯರ್. ಆಗಲೂ ವಿಒ2 ಮ್ಯಾಕ್ಸ್ 70ರ ಹತ್ತಿರ, 2003ರಲ್ಲೂ 70ರ ಹತ್ತಿರ. ಉರಿ ಬೆಳೆಯಲೇ ಇಲ್ಲ! ಆದರೆ ಅದೇ ವೇಗದಲ್ಲಿ ಓಡಲು ಬೇಕಾಗುತ್ತಿದ್ದ ಆಮ್ಲಜನಕ ಆ ವರ್ಷಗಳಲ್ಲಿ ಸುಮಾರು 15 ಶೇಕಡಾ ಇಳಿಯಿತು. 2003ರ ಏಪ್ರಿಲ್‌ನಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿದರು. 2019ರ ತನಕ ಯಾವ ಹೆಂಗಸೂ ಅದನ್ನು ಮುರಿಯಲಿಲ್ಲ. ಅವರ ಓಟ ನೋಡಿದ್ದೀರಾ? ತಲೆ ಕೋಳಿಯ ಹಾಗೆ ಮೇಲೆ ಕೆಳಗೆ ಆಡುತ್ತದೆ. ಚೆಂದ ಓಡಿದರೆ ಮೈಲೇಜ್ ಬರುತ್ತದೆ ಅಂದುಕೊಂಡವರು ಅದನ್ನು ಒಮ್ಮೆ ನೋಡಬೇಕು.

ಅಮ್ಮನ ಮನೆಯಲ್ಲಿ ಓದಿದ ಇನ್ನೊಂದು ವಿಷಯ. 1954ರಲ್ಲಿ ರೋಜರ್ ಬ್ಯಾನಿಸ್ಟರ್ ನಾಲ್ಕು ನಿಮಿಷದೊಳಗೆ ಒಂದು ಮೈಲಿ ಓಡಲು ತಯಾರಾಗುತ್ತಿದ್ದ. ಕಾಲು ಮೈಲಿ ಹತ್ತು ಸಲ, ನಡುವೆ ಎರಡೆರಡು ನಿಮಿಷ ಬಿಡುವು. ಒಂದೊಂದೂ 61 ಸೆಕೆಂಡಿಗೆ ಬಂದು ನಿಂತುಬಿಟ್ಟಿತು. ಇನ್ನೂ ಜೋರು ಮಾಡಲಿಲ್ಲ. ಓಟ ಬಿಟ್ಟು ಸ್ಕಾಟ್ಲೆಂಡಿಗೆ ಹೋಗಿ ಬೆಟ್ಟ ಹತ್ತಿದ. ವಾಪಸ್ ಬಂದ ಮೇಲೆ 59 ಬಂತು. ಮೇ 6ರಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಮುಗಿಸಿದ. ಇದನ್ನು ಓದಿ ನನ್ನ ಕಾಲುನೋವಿಗೂ ಒಂದು ಗೌರವ ಬಂದ ಹಾಗಾಯಿತು.

ನವೆಂಬರ್‌ನಲ್ಲಿ ಸಾರ್ ಮುಂದೆ ಹೋಗಿ ನಿಂತೆ. ಅವರು ಏನೂ ಕೇಳಲಿಲ್ಲ. "200 ಮೀಟರ್. ಆರು ಸಲ. ಒಂದು ನಿಮಿಷಕ್ಕಿಂತ ಒಂದೆರಡು ಸೆಕೆಂಡ್ ಕಮ್ಮಿ. ಆಮೇಲೆ ಉಳಿದ 200 ನಡ್ಕೊಂಡು ಬಾ." ನನಗೆ ನಗು ಬಂತು. ಇದು ಯಾವ ಸೀಮೆ ವ್ಯಾಯಾಮ? ಆರನೆಯದು ಮುಗಿದಾಗ ಏದುಸಿರೂ ಇರಲಿಲ್ಲ, ಇನ್ನೂ ಎರಡು ಓಡ್ತೀನಿ ಅಂದೆ. ಬೇಡ ಅಂದರು. ಮುಂದಿನ ಮಂಗಳವಾರ ಬಾ ಅಂದರು.

ಆಮೇಲೆ ತಿಳಿದದ್ದು, ಇದಕ್ಕೂ ಒಂದು ಹಿನ್ನೆಲೆ ಇದೆ. ಜ್ಯಾಕ್ ಡೇನಿಯಲ್ಸ್ ಎಂಬ ಅಮೆರಿಕದ ಕೋಚ್ (ವಿಸ್ಕಿಯ ಹೆಸರು ಅಂತ ನಗಬೇಡಿ, ಅವರು ಓಟದ ವಿಜ್ಞಾನದಲ್ಲಿ ದೊಡ್ಡ ಹೆಸರು) ಎರಡು ಬಗೆಯ ಜೋರು ಓಟವನ್ನು ಬೇರೆ ಬೇರೆ ಇಡುತ್ತಾರೆ. ಒಂದು ಮೂರರಿಂದ ಐದು ನಿಮಿಷ ಏದುಸಿರು ಬರುವಂತೆ ಓಡಿ, ಪೂರ್ತಿ ಸುಧಾರಿಸಿಕೊಳ್ಳುವ ಮೊದಲೇ ಮತ್ತೆ ಓಡುವುದು. ಅದು ಉರಿ ದೊಡ್ಡದು ಮಾಡಲು. ಇನ್ನೊಂದು 200, 400 ಮೀಟರಿನಂಥ ಚಿಕ್ಕ ಓಟ, ಇನ್ನೂ ಜೋರಾಗಿ, ಆದರೆ ನಡುವೆ ಪೂರ್ತಿ ಬಿಡುವು. ಇದು ಮೈಲೇಜಿಗೆ. ಅದೂ ವಾರದ ಒಟ್ಟು ಓಟದಲ್ಲಿ ನೂರಕ್ಕೆ ಐದು ಪಾಲು ಮೀರಬಾರದು. ನಾನು ವಾರಕ್ಕೆ ಓಡುವುದು 35 ಕಿಲೋಮೀಟರ್, ಹಾಗಾದರೆ ಒಂದೂಮುಕ್ಕಾಲು ಕಿಲೋಮೀಟರ್. ಎಂಟು ಸಲ 200 ಓಡಿದರೆ ಮುಗಿಯಿತು. ಆ್ಯಪ್ ನನಗೆ ಈ ಎರಡನ್ನೂ ಕಲಸಿ ಕೊಟ್ಟಿತ್ತು. ಎರಡನೆಯದರ ವೇಗ, ಮೊದಲನೆಯದರ ಬಿಡುವು. ವಾಂತಿ ಆಗದೆ ಇನ್ನೇನು ಆಗುತ್ತದೆ?

ಬಿಡುವು ಯಾಕೆ ಪೂರ್ತಿ ಬೇಕು ಅನ್ನುವುದು ಓಡುತ್ತಾ ಓಡುತ್ತಾ ಅರ್ಥವಾಯಿತು. ಜೋರಾಗಿ ಓಡುವಾಗ ಪಾದ ನೆಲದ ಮೇಲೆ ಇರುವ ಹೊತ್ತು ತುಂಬಾ ಕಡಿಮೆ. ಅಷ್ಟರಲ್ಲಿ ಹಿಮ್ಮಡಿಯ ಹಿಂದಿನ ದಪ್ಪ ನರದಂಥ ರಜ್ಜು, ಅಕಿಲಿಸ್ ಅನ್ನುತ್ತಾರಲ್ಲ, ಅದು ರಬ್ಬರಿನ ಹಾಗೆ ಹಿಗ್ಗಿ ಕುಗ್ಗಬೇಕು. ನೆಲಕ್ಕೆ ಬಿದ್ದಾಗ ಹಿಗ್ಗಿ ಶಕ್ತಿ ಕೂಡಿಟ್ಟುಕೊಳ್ಳುತ್ತದೆ, ಎದ್ದಾಗ ವಾಪಸ್ ಕೊಡುತ್ತದೆ. ಆ ವಾಪಸ್ ಬಂದ ಶಕ್ತಿಗೆ ಆಮ್ಲಜನಕ ಖರ್ಚಿಲ್ಲ. ಬಿಟ್ಟಿ. ರಜ್ಜು ಸಡಿಲವಾಗಿದ್ದರೆ ಆ ಕೆಲಸವನ್ನೂ ಮಾಂಸಖಂಡವೇ ದುಡಿದು ಮಾಡಬೇಕು. ಇದರ ಜೊತೆಗೆ ಮೆದುಳು ಒಂದು ವಿಷಯ ಕಲಿಯುತ್ತದೆ. ಯಾವುದನ್ನು ಬಿಗಿಯಬೇಕು ಅನ್ನುವುದಕ್ಕಿಂತ, ಯಾವುದನ್ನು ಸಡಿಲ ಬಿಡಬೇಕು ಅಂತ. ದವಡೆ, ಭುಜ, ಮುಷ್ಟಿ. ಅಮ್ಮ ಹಿಟ್ಟು ತೊಳಸುವಾಗ ಇದ್ದ ಹಾಗೆ. ಸುಸ್ತಾದ ಕೂಡಲೇ ಇವೆಲ್ಲ ಬಿಗಿಯುತ್ತವೆ, ಪಾದ ನೆಲಕ್ಕೆ ಅಂಟುತ್ತದೆ. ಆಮೇಲೆ ಓಡಿದ್ದೆಲ್ಲ ಹೊರಗೆ ಬಂದ ಉರಿ.

ಸಾರ್ ನನ್ನ ಓಟ ನೋಡುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಮೊದಮೊದಲು ನಿದ್ದೆ ಅಂದುಕೊಂಡೆ. ಒಂದು ದಿನ, "ಐದನೇದರಲ್ಲಿ ಬಲಗಾಲು ಬಡೀತಿತ್ತು" ಅಂದರು. ಸದ್ದು ಕೇಳುತ್ತಿದ್ದರು. ಸದ್ದು ಅಂದರೆ ನೆಲಕ್ಕೆ ದಾನ ಕೊಟ್ಟ ಶಕ್ತಿ ಅಂತ ಅವರ ಲೆಕ್ಕ. ವಾಚು ಯಾವತ್ತೂ ಹೇಳದ ವಿಷಯ ಅದು. ಈಗ ನಾನೂ ಕೇಳಿಸಿಕೊಳ್ಳುತ್ತೇನೆ, ಕಿವಿಗೆ ಹಾಡು ಹಾಕಿಕೊಂಡು ಓಡುವುದನ್ನು ಬಿಟ್ಟಿದ್ದೇನೆ.

ಓಟಕ್ಕಿಂತ ಮುಂಚೆ ಕುಂಟೆಬಿಲ್ಲೆ ಆಡಿಸುತ್ತಿದ್ದರು. ನಿಜ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಒಂಟಿ ಕಾಲಲ್ಲಿ ಹತ್ತು ಸಲ. ವಾಕಿಂಗ್ ಹೆಂಗಸರಿಗೆ ಅದು ಬೆಳಗಿನ ಮನರಂಜನೆ. ಎರಡು ವಾರದಲ್ಲಿ ಅವರಲ್ಲಿ ಒಬ್ಬರು, ನನ್ನ ತಿಂಗಳು ಕೇಳಿದವರೇ, ಸೆರಗು ಸಿಕ್ಕಿಸಿಕೊಂಡು ಆಡಲು ಬಂದರು. ನನಗಿಂತ ಚೆನ್ನಾಗಿ ಆಡಿದರು. 1999ರಲ್ಲಿ ಫಿನ್ಲೆಂಡಿನ ಪಾವೊಲೈನೆನ್ ಮತ್ತು ಜೊತೆಗಾರರು ಇದನ್ನೇ ಬೇರೆ ರೀತಿ ತೋರಿಸಿದ್ದರು. ಪಳಗಿದ ಓಟಗಾರರ ತರಬೇತಿಯಲ್ಲಿ ಒಂದು ಪಾಲನ್ನು ತೆಗೆದು ಅದರ ಜಾಗದಲ್ಲಿ ನೆಗೆತ, ಚಿಕ್ಕ ಜೋರು ಓಟ ಇಟ್ಟರು. 9 ವಾರದ ಮೇಲೆ 5 ಕಿಲೋಮೀಟರಿನ ಸಮಯ ಇಳಿಯಿತು, ಮೈಲೇಜ್ ಏರಿತು. ವಿಒ2 ಮ್ಯಾಕ್ಸ್ ಮಾತ್ರ ಏರಲಿಲ್ಲ.

ಹದಿನೈದು ದಿನಕ್ಕೊಂದು ಭಾನುವಾರ ದೇವರಾಯನದುರ್ಗದ ಏರು. ಕಡಿದಾದ ರಸ್ತೆಯಲ್ಲಿ 20 ಸೆಕೆಂಡ್ ಜೋರಾಗಿ ಹತ್ತುವುದು, ನಡೆದು ಇಳಿಯುವುದು, ಎಂಟು ಸಲ. ಏರಿನಲ್ಲಿ ನೆಲವೇ ಮೇಲೆ ಬಂದು ಕಾಲಿಗೆ ಸಿಗುತ್ತದೆ, ಹೊಡೆತ ಕಡಿಮೆ. ನನ್ನ ಎಲುಬಿಗೆ ಅದು ಒಳ್ಳೆಯದಾಯಿತು. ಬಾಳೆಹಣ್ಣನ್ನು ಮಾತ್ರ ಕೋತಿಗಳಿಂದ ಕಾಪಾಡಲು ಒಂದು ಸಲವೂ ಆಗಿಲ್ಲ. ವಾಪಸ್ ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಓಡಿ ಉಳಿಸಿದ್ದಕ್ಕಿಂತ ಜಾಸ್ತಿ ಅಲ್ಲಿ ಸೇರುತ್ತದೆ ಅಂತ ನನಗೂ ಗೊತ್ತು.

ಶೂ ವಿಷಯ ಎತ್ತದೆ ಬಿಟ್ಟರೆ ಓಡುವವರು ಬೈಯುತ್ತಾರೆ. 2017ರಲ್ಲಿ ನೈಕಿಯ ವೇಪರ್‌ಫ್ಲೈ ಬಂತು, ಕಾರ್ಬನ್ ತಗಡಿನ ಶೂ. ಲ್ಯಾಬಿನಲ್ಲಿ ಅಳೆದಾಗ ಓಟದ ಖರ್ಚು ಸರಾಸರಿ 4 ಶೇಕಡಾ ಇಳಿಯಿತು. ಇದು ಸಣ್ಣದಲ್ಲ. ಆದರೆ ಅಂಥ ಶೂವಿನ ಬೆಲೆ ನನ್ನ ಮನೆ ಬಾಡಿಗೆಗಿಂತ ಜಾಸ್ತಿ. ನಮ್ಮ ದೇಶದ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಓಡಿದರು. ಬರಿಗಾಲಲ್ಲಿ ಓಡುವುದಕ್ಕೆ ಹೆಸರಾದವರು ಅವರು. ನಾನು ಇನ್ನೊಂದು ವರ್ಷ ಹಳೇ ಶೂನಲ್ಲೇ ಇರುತ್ತೇನೆ.

ಇದರಿಂದ ಏನಾದರೂ ಆಯಿತಾ? ನನ್ನ ಹತ್ತಿರ ಲ್ಯಾಬ್ ಇಲ್ಲ, ಮೂಗಿಗೆ ಕಟ್ಟುವ ಮುಖವಾಡ ಇಲ್ಲ. ಒಂದು ನೋಟ್‌ಬುಕ್ ಇದೆ. ತಿಂಗಳಿಗೊಮ್ಮೆ ಅದೇ 5 ಕಿಲೋಮೀಟರ್ ದಾರಿ, ಅದೇ ಹೊತ್ತು, ಕಿಲೋಮೀಟರಿಗೆ 6 ನಿಮಿಷ 30 ಸೆಕೆಂಡಿನ ಅದೇ ವೇಗ. ನವೆಂಬರ್‌ನಲ್ಲಿ ಸರಾಸರಿ ಎದೆಬಡಿತ 158. ಜನವರಿಯಲ್ಲಿ 153. ಮಾರ್ಚ್‌ನಲ್ಲಿ, ಸೆಕೆ ಶುರುವಾಗಿದ್ದರೂ, 149. ಅದೇ ಹಿಟ್ಟು, ಕಡಿಮೆ ಸೌದೆ ಅಂತ ಖುಷಿಪಟ್ಟೆ. ಆಮೇಲೆ ನನ್ನೊಳಗಿನ ವಿಜ್ಞಾನ ಟೀಚರ್ ಎದ್ದು ನಿಂತಳು. ಎದೆಬಡಿತ ಇಳಿದರೆ ಮೈಲೇಜೇ ಏರಿತು ಅಂತ ಹೇಳಲಾಗದು. ಹೃದಯ ಒಂದೊಂದು ಬಡಿತಕ್ಕೆ ಜಾಸ್ತಿ ರಕ್ತ ನೂಕಲು ಕಲಿತರೂ ಹೀಗೇ ಆಗುತ್ತದೆ. ವಾರದ ಉಳಿದ ನಾಲ್ಕು ದಿನ ನಿಧಾನ ಓಟ ತಪ್ಪಿಸಿರಲಿಲ್ಲ, ಅದರ ಪಾಲೂ ಇರಬಹುದು. ಪೌಲಾಗೆ 15 ಶೇಕಡಾ ಬರಲು ಹನ್ನೊಂದು ವರ್ಷ ಬೇಕಾಯಿತು, ನನಗೆ ಐದು ತಿಂಗಳಲ್ಲಿ 200 ಮೀಟರಿನ ಓಟವೇ ಎಲ್ಲ ಮಾಡಿತು ಅಂದರೆ ನಾನೇ ನಂಬುವುದಿಲ್ಲ.

ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು 10ಕೆ. 54 ನಿಮಿಷ 12 ಸೆಕೆಂಡ್. ಮುಗಿದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ.

"ಫಸ್ಟ್ ಬಂದ್ಯಾ?"

"ಇಲ್ಲಮ್ಮ, ಆದ್ರೆ ಹೋದ ಸಲಕ್ಕಿಂತ ನಾಲ್ಕು ನಿಮಿಷ ಬೇಗ."

"ಆ ನಾಲ್ಕು ನಿಮಿಷ ಏನ್ ಮಾಡ್ದೆ?"

ನೀರು ಕುಡಿದೆ ಅಂದೆ. ಅದೇ ನಿಜ.

ಮಂಗಳವಾರ ಸಾರ್‌ಗೆ ನೋಟ್‌ಬುಕ್ ಕೊಟ್ಟೆ. ಮೊದಲ ಆರು ಕಿಲೋಮೀಟರ್ 5 ನಿಮಿಷ 17 ಸೆಕೆಂಡಿನ ಆಸುಪಾಸು. ಕೊನೆಯ ನಾಲ್ಕು 5:37. ಅವರು ಕನ್ನಡಕ ಮೇಲೆತ್ತಿ, ಬೆರಳಿಟ್ಟು, ಒಂದೊಂದೇ ಸಾಲು ಓದಿದರು. ಅಮ್ಮನ ಒಲೆಯ ಮಾತನ್ನು ಯಾವಾಗಲೋ ಒಮ್ಮೆ ಅವರಿಗೆ ಹೇಳಿದ್ದೆ.

"ಏಳನೇ ಕಿಲೋಮೀಟರಿಂದ ಉರಿ ಹೊರಗೆ ಬಂದಿದೆ" ಅಂದರು. "ಇವತ್ತಿಂದ 300 ಮಾಡೋಣ. ಐದು ಸಾಕು. ಪೂರ್ತಿ ಇಂಟರ್ವಲ್ ತಗೋ. ಪಾಪ್‌ಕಾರ್ನ್ ಬೇಕಿದ್ರೆ ನಾನೇ ತರ್ತೀನಿ."